ಎಂಟು ಸೆಕೆಂಡು ಕಪ್ಪು

ಮಾರ್ಚ್ 3, ಸೋಮವಾರ

ನಾನು ದಿನಚರಿ ಬರೆಯುವ ಜಾತಿಯವಳಲ್ಲ. ಆದರೆ ಈ ಮನೆಯಲ್ಲಿ ಗಟ್ಟಿಯಾಗಿ ಗೊಣಗುವಂತಿಲ್ಲ, ಎಲ್ಲಾದರೂ ಗೊಣಗಲೇಬೇಕು. ನಮ್ಮ ಫ್ಲ್ಯಾಟಿನಲ್ಲಿ ಪೈಪು ಒಡೆದು ನೆಲವನ್ನೆಲ್ಲ ಕಿತ್ತು ಹಾಕಿದ್ದಾರೆ. ಸರಿಹೋಗಲು ಇಪ್ಪತ್ತೊಂದು ದಿನ ಬೇಕು ಎಂದು ಪ್ಲಂಬರ್ ಹೇಳಿದ್ದಾನೆ. ಗಂಡ ಕಂಪನಿಯ ತರಬೇತಿಯ ನೆಪದಲ್ಲಿ ಬೇರೆ ಊರಿನ ಹೋಟೆಲಿನಲ್ಲಿ ಸುಖವಾಗಿದ್ದಾನೆ. ನಾನು ಮಾತ್ರ ಲ್ಯಾಪ್‌ಟಾಪು, ಎರಡು ಹಾರ್ಡ್‌ಡಿಸ್ಕು, ಒಂದು ಸೂಟ್‌ಕೇಸಿನ ಸಮೇತ ಗಂಡನ ಅಮ್ಮನ ಮನೆಗೆ ಬಂದು ಬಿದ್ದಿದ್ದೇನೆ.

ಗಂಡನ ಅಮ್ಮ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾಗಿ ಎಂಟು ವರ್ಷವಾಯಿತು, ಆದರೆ ಆ ವಿಷಯ ಅವರಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ. ಟವೆಲ್ ಮಡಿಸಲು ಒಂದೇ ಸರಿಯಾದ ವಿಧಾನ, ಚಹಾದ ಲೋಟ ಇಡಲು ಒಂದೇ ಸರಿಯಾದ ಜಾಗ. ಮದುವೆಯಾದ ಈ ಆರು ವರ್ಷಗಳಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ತುಟಿ ಒಂದು ಸೆಂಟಿಮೀಟರ್ ಅಗಲವಾದರೆ ಅದನ್ನೇ ನಗು ಎಂದು ಲೆಕ್ಕಕ್ಕೆ ಹಿಡಿಯಬೇಕು.

ಬಂದ ದಿನವೇ ಎಡವಟ್ಟು. ಬಚ್ಚಲಿನ ಕಪಾಟಿನಲ್ಲಿ ನೀಲಿ ಡಬ್ಬಿಯೊಂದಿತ್ತು. ಸೋಪಿರಬೇಕೆಂದು ತೆರೆದೆ. ಒಳಗಿಂದ ಒಂದು ಪೂರ್ತಿ ಹಲ್ಲಿನ ಸೆಟ್ಟು ನನ್ನನ್ನು ನೋಡಿ ಹಲ್ಲು ಕಿರಿಯಿತು. ಹಿಂದಿನಿಂದ ಕೈಯೊಂದು ಬಂದು ಡಬ್ಬಿಯನ್ನು ಕಿತ್ತುಕೊಂಡಿತು.

“ಇದು ನನ್ನದು,” ಅಂದರು, ಬಾಯಿಗೆ ಕೈ ಅಡ್ಡ ಹಿಡಿದು.

ಇನ್ನು ಇಪ್ಪತ್ತೊಂದು ದಿನ.

ಮಾರ್ಚ್ 5, ಬುಧವಾರ

ಸದ್ಯ, ಕೈಯಲ್ಲೊಂದು ಕೆಲಸವಿದೆ. ಇಲ್ಲಿನ ಈಜುಕೊಳದಲ್ಲಿ ದಿನಾ ಬೆಳಗ್ಗೆ ಆರರಿಂದ ಏಳರವರೆಗೆ ಅರವತ್ತು ದಾಟಿದ ಹೆಂಗಸರಿಗೆ ಈಜು ಕಲಿಸುತ್ತಾರಂತೆ. ಆ ಒಂದು ಗಂಟೆಯನ್ನು ಕಿತ್ತು, ಸ್ಪರ್ಧೆಗೆ ಹೋಗುವ ಕ್ಲಬ್ಬಿಗೆ ಕೊಡಬೇಕು ಎಂಬ ಮಾತು ಪುರಸಭೆಯಲ್ಲಿ ಎದ್ದಿದೆ. ಇದೇ 21ಕ್ಕೆ ಸಭೆ. ಅಲ್ಲಿ ತೋರಿಸಲು, ಈಜು ಕಲಿಸುವ ಕೋಚಮ್ಮ ಹನ್ನೆರಡು ನಿಮಿಷದ ಚಿತ್ರವೊಂದನ್ನು ಮಾಡಿಸುತ್ತಿದ್ದಾರೆ. ಅದನ್ನು ಚಿತ್ರೀಕರಿಸಿ ಮುಕ್ಕಾಲು ಭಾಗ ಎಡಿಟ್ ಮಾಡಿದ್ದ ಎಡಿಟರನಿಗೆ ಅವಳಿ ಮಕ್ಕಳು ಹುಟ್ಟಿದವು. ಅವನು ಪ್ರಪಂಚಕ್ಕೇ ರಜೆ ಹಾಕಿಬಿಟ್ಟ. ಉಳಿದ ಕಾಲು ಭಾಗ, ಎಡಿಟಿಂಗೇ ಕಸುಬಾದ ನನ್ನ ತಲೆಗೆ ಬಂತು.

ಚಿತ್ರ ಚೆನ್ನಾಗಿದೆ. ಹನ್ನೆರಡು ಹೆಂಗಸರು; ಹನ್ನೊಂದು ಜನ ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡಿದ್ದಾರೆ. ಹಸಿರು ಟೋಪಿಯ ಒಬ್ಬರು ಮಾತ್ರ ಎಲ್ಲ ಶಾಟಿನಲ್ಲೂ ಬೆನ್ನು ತೋರಿಸಿ ನಿಂತಿದ್ದಾರೆ. ಎಲ್ಲ ಸರಿ, ಆದರೆ ಏಳು ನಿಮಿಷ ನಲವತ್ತೆರಡನೇ ಸೆಕೆಂಡಿಗೆ ಪರದೆ ಕಪ್ಪಾಗುತ್ತದೆ. ಎಂಟು ಸೆಕೆಂಡು ಬರೀ ಕಪ್ಪು. ವಿಚಿತ್ರವೆಂದರೆ ಶಬ್ದ ಇದೆ. ನೀರಿನ ಸದ್ದು, ಅದರ ಮೇಲೆ ಯಾರೋ ಹೆಂಗಸು ಬಿದ್ದು ಬಿದ್ದು ನಗುವ ಸದ್ದು. ಆ ನಗು ಕೇಳಿದರೆ ನಮಗೂ ನಗು ಬರುತ್ತದೆ. ಅಂಥ ನಗುವಿಗೆ ಮುಖವೇ ಇಲ್ಲ.

ಸಾಫ್ಟ್‌ವೇರಿನ ತಾತ್ಕಾಲಿಕ ಫೈಲುಗಳನ್ನು ಅಳಿಸಿದೆ, ಮತ್ತೆ ರೆಂಡರ್ ಮಾಡಿದೆ, ಕ್ಲಿಪ್ಪುಗಳನ್ನೆಲ್ಲ ಹೊಸದಾಗಿ ಲಿಂಕ್ ಮಾಡಿದೆ. ಕಪ್ಪು ಕಪ್ಪಾಗಿಯೇ ಉಳಿಯಿತು. ಸರಿ, ಅಲ್ಲೊಂದು ಬೇರೆ ಹೆಂಗಸಿನ ಮುಖ ಅಂಟಿಸಿ ಕೋಚಮ್ಮನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು ಬಂತು.

“ಅಯ್ಯೋ, ಆ ನಗು ಇವರದ್ದಲ್ಲಮ್ಮ! ನೋಡಿದವರು ನಮ್ಮನ್ನ ಸುಳ್ಳರು ಅಂತಾರೆ.”

“ಮತ್ತೆ ಯಾರದ್ದು?”

“ಹಸಿರು ಟೋಪಿಯವರದ್ದು. ಯಾರು ಅಂತ ಮಾತ್ರ ಕೇಳಬೇಡಿ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

ಹತ್ತು ಸಲವಾದರೂ ಆ ನಗುವನ್ನು ಹಾಕಿ ಕೇಳಿರಬೇಕು. ಗಂಡನ ಅಮ್ಮ ಬಾಗಿಲಲ್ಲಿ ಬಂದು ನಿಂತರು. “ಅದೇನದು, ಕೋಳಿ ಕತ್ತು ಹಿಸುಕಿದ ಹಾಗೆ? ಹೆಡ್‌ಫೋನ್ ಹಾಕ್ಕೊಂಡು ಕೇಳಕ್ಕಾಗಲ್ವಾ?” ಅಂದು ಬಾಗಿಲು ಎಳೆದುಕೊಂಡು ಹೋದರು. ಒಳ್ಳೆಯ ನಗುವೆಂದರೂ ಇವರಿಗೆ ಆಗದು.

ಮಾರ್ಚ್ 6, ಗುರುವಾರ

ಕಪ್ಪಿನ ಮೂಲ ನೆಸ್ಟಿನೊಳಗಿದೆ. ಸೀಕ್ವೆನ್ಸ್ ಅಂದರೆ ಕ್ಲಿಪ್ಪುಗಳನ್ನು ಸಾಲಾಗಿ ಪೋಣಿಸಿದ ಸರ. ಆ ಇಡೀ ಸರವನ್ನೇ ಒಂದು ಕ್ಲಿಪ್ಪಿನಂತೆ ಇನ್ನೊಂದು ಸರದೊಳಗೆ ಕೂರಿಸಬಹುದು. ಅದೇ ನೆಸ್ಟ್. ಒಳಗಿನದನ್ನು ಒಂದು ಕಡೆ ಮುಟ್ಟಿದರೂ ಅದನ್ನು ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಹೊಸಬರಿಗೆ ಕಲಿಸುವಾಗ ಈ ಮಾತನ್ನು ನಾನು ಮೂರು ಮೂರು ಸಲ ಹೇಳುತ್ತೇನೆ.

ನಮ್ಮ ಅವಳಿ ಮಕ್ಕಳ ಅಪ್ಪ ನೆಸ್ಟಿನೊಳಗೆ ನೆಸ್ಟು, ಅದರೊಳಗೆ ಇನ್ನೊಂದು ನೆಸ್ಟು ಇಟ್ಟಿದ್ದಾನೆ. ಹೊರಗಿನದಕ್ಕೆ ‘ಫೈನಲ್’ ಎಂದು ಹೆಸರು, ನಡುವಿನದಕ್ಕೆ ‘ನಿಜವಾದ ಫೈನಲ್’, ಅತಿ ಒಳಗಿನದಕ್ಕೆ ‘ಮುಟ್ಟಬೇಡಿ’. ಆ ‘ಮುಟ್ಟಬೇಡಿ’ಯನ್ನು ಮುಟ್ಟಿದರೆ ಸಾಕು, ಸಾಫ್ಟ್‌ವೇರ್ ಕಣ್ಣು ಮುಚ್ಚುತ್ತದೆ. ನಾಲ್ಕು ಸಲ ಮುಚ್ಚಿತು. ಅವನಿಗೆ ಮೆಸೇಜ್ ಹಾಕಿದರೆ ತೊಟ್ಟಿಲ ಫೋಟೋ ಕಳಿಸಿದ.

ತಲೆ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದೆ. ಗಂಡನ ಅಮ್ಮ ಟೀ ಇಟ್ಟು ಎದುರು ಕೂತರು.

“ಏನಮ್ಮ ಅದು ಅಂಥಾ ತೊಂದರೆ?”

ಹೇಳಿದೆ. ಅವರು ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಲೆಕ್ಕ ಬರೆದರು. ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು ಆವರಣ.

“ಹೊರಗಿಂದ ಕಿತ್ತಾಡಿದ್ರೆ ಲೆಕ್ಕ ಬಿಡಿಸಕ್ಕಾಗಲ್ಲ. ಅತಿ ಒಳಗಿನ ಆವರಣ ಮೊದಲು. ಏಳನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ.”

“ಒಳಗಿನದನ್ನ ತೆಗೆದ್ರೆ ಎಲ್ಲಾ ಸತ್ತೇ ಹೋಗುತ್ತಲ್ಲ.”

“ಹಾಗಾದ್ರೆ ಅದೊಂದನ್ನೇ ಬೇರೆ ಹಾಳೆ ಮೇಲೆ ಬರ್ಕೊಂಡು ಬಿಡಿಸು.”

ನನಗೆ ಮಿಂಚು ಹೊಡೆದ ಹಾಗಾಯಿತು. ಹೊಸ ಪ್ರಾಜೆಕ್ಟ್ ತೆರೆದು ಆ ಒಂದು ಸೀಕ್ವೆನ್ಸನ್ನಷ್ಟೇ ಅದರೊಳಗೆ ತರಬಹುದಲ್ಲ! ಹನ್ನೊಂದು ವರ್ಷದ ಅನುಭವ ಇಟ್ಟುಕೊಂಡು ನನಗೆ ಹೊಳೆಯಲಿಲ್ಲ. ಎದ್ದೆ. ಅಷ್ಟರಲ್ಲಿ ಅವರ ಮುಖ ಯಾಕೋ ಬಿಳಿಚಿಕೊಂಡಿತು.

“ಬೇಡ ಬಿಡು. ಇದ್ದ ಹಾಗೇ ಇರ್ಲಿ. ಎಂಟು ಸೆಕೆಂಡು ಕಪ್ಪಾದ್ರೆ ಯಾರ ಗಂಟು ಹೋಗುತ್ತೆ?”

ಅರ್ಥವಾಗಲಿಲ್ಲ. ಹೆಂಗಸು ಇದ್ದಕ್ಕಿದ್ದ ಹಾಗೆ ತಣ್ಣಗಾಗಿಬಿಡುತ್ತಾರೆ. ಅಂದ ಹಾಗೆ, ದಿನಾ ಐದೂ ನಲವತ್ತಕ್ಕೆ ವಾಕಿಂಗ್ ಹೋಗುವವರು ಬಂದು ಒದ್ದೆ ಟವೆಲ್ ಒಣಹಾಕುತ್ತಾರೆ. ಅಷ್ಟೊಂದು ಬೆವರುವ ನಡಿಗೆ ಅದೆಂಥದೋ!

ಮಾರ್ಚ್ 7, ಶುಕ್ರವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಬೇರೆ ಪ್ರಾಜೆಕ್ಟಿನಲ್ಲಿ ‘ಮುಟ್ಟಬೇಡಿ’ ತೆಪ್ಪಗೆ ತೆರೆದುಕೊಂಡಿತು. ಒಳಗೆ ಒಂದು ಕ್ಲಿಪ್ ಬಣ್ಣ ಮಾಸಿ ಕೂತಿತ್ತು. ಹಾಳಾಗಿದ್ದಲ್ಲ, ಕಳೆದುಹೋದದ್ದೂ ಅಲ್ಲ. ಯಾರೋ ಬೇಕೆಂದೇ ಚಿತ್ರವನ್ನಷ್ಟೇ ಆಫ್ ಮಾಡಿ ಶಬ್ದ ಆಫ್ ಮಾಡುವುದನ್ನು ಮರೆತಿದ್ದರು. ಅಂದರೆ ರೋಗವೇ ಇರಲಿಲ್ಲ, ನಾನು ಮೂರು ದಿನ ಔಷಧಿ ಕೊಟ್ಟಿದ್ದೆ. ಅದನ್ನು ಮೊದಲಿನ ಪ್ರಾಜೆಕ್ಟಿನ ಅದೇ ಜಾಗಕ್ಕೆ ಜೋಡಿಸಿ, ಆನ್ ಮಾಡಿ, ಪ್ಲೇ ಒತ್ತಿದೆ.

ಹಸಿರು ಟೋಪಿಯವರು ಮೊದಲ ಸಲ ತೇಲುತ್ತಿದ್ದಾರೆ. ಕೋಚಮ್ಮ ಬೆನ್ನಿನ ಕೆಳಗಿಂದ ಕೈ ತೆಗೆಯುತ್ತಾರೆ. ಟೋಪಿಯವರು ಮುಳುಗುವುದಿಲ್ಲ. ತಾನು ಮುಳುಗುತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಆಗ ಆಕಾಶಕ್ಕೆ ಮುಖ ಮಾಡಿ, ಬಾಯಿ ಪೂರ್ತಿ ತೆರೆದು, ಒಂದೂ ಹಲ್ಲಿಲ್ಲದ ಬಾಯಿಂದ, ಕೈಕಾಲು ಬಡಿಯುತ್ತಾ ನಗುತ್ತಾರೆ.

ಅತ್ತೆ.

ಮತ್ತೆ ಮತ್ತೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೋಳಿ ಕತ್ತಿನ ಮಾತು ಈಗ ಅರ್ಥವಾಯಿತು. ಒದ್ದೆ ಟವೆಲ್ಲೂ ಅರ್ಥವಾಯಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಇಷ್ಟು ಖುಷಿಯಾಗಿರುವ ಒಬ್ಬರನ್ನು ನಾನು ಪರದೆಯ ಮೇಲೆ ಕಂಡದ್ದೇ ಇಲ್ಲ, ಅದೂ ಪಕ್ಕದ ಕೋಣೆಯವರು!

ಎಡಿಟರನಿಗೆ ಹೇಳಿ ಬಚ್ಚಿಡಿಸಿದ್ದು ಅವರೇ ಇರಬೇಕು. ಅವರನ್ನು ಕೇಳದೆ ಬಳಸುವುದು ಸರಿಯಲ್ಲ. ನಾಳೆ ಮೆಲ್ಲಗೆ ಮಾತು ತೆಗೆಯುತ್ತೇನೆ. ಸಂಜೆ ಕೋಚಮ್ಮ ಫೋನ್ ಮಾಡಿ, ವಾಟ್ಸಾಪ್ ಗುಂಪಿನಲ್ಲಿ ಹಂಚಲು ಒಂದು ನಿಮಿಷದ ತುಣುಕು ಕೇಳಿದರು. ಅದನ್ನು ಹಿಂದಿನ ಎಡಿಟರ್ ಮೊದಲೇ ಸಿದ್ಧಮಾಡಿಟ್ಟಿದ್ದ. ಎಕ್ಸ್‌ಪೋರ್ಟ್ ಒತ್ತಿ ಕಳಿಸಿಬಿಟ್ಟೆ.

ಮಾರ್ಚ್ 8, ಶನಿವಾರ

ಮೂರು ಮೂರು ಸಲ ಹೇಳುತ್ತೇನಂತೆ ಹೊಸಬರಿಗೆ! ಒಳಗಿನದನ್ನು ಮುಟ್ಟಿದರೆ ಬಳಸಿದ ಕಡೆಯೆಲ್ಲ ಬದಲಾಗುತ್ತದೆ ಎಂದು. ಆ ಒಂದು ನಿಮಿಷದ ತುಣುಕಿನಲ್ಲೂ ಅದೇ ನೆಸ್ಟ್ ಇತ್ತು. ನಾನು ಒಮ್ಮೆಯೂ ನೋಡದೆ ಕಳಿಸಿದ್ದೆ, ಕೋಚಮ್ಮನೂ ನೋಡದೆ ಗುಂಪಿಗೆ ಹಾಕಿದ್ದರು. ನಿನ್ನೆವರೆಗೆ ಕಪ್ಪಿದ್ದ ಜಾಗದಲ್ಲಿ ಅತ್ತೆಯ ಬೊಚ್ಚುಬಾಯಿ ಹೊಳೆಯಿತು.

ತಿಂಡಿಗೆ ಕೂತಾಗ ಅವರ ಫೋನು ಗುಂಯ್‌ಗುಟ್ಟತೊಡಗಿತು. ಕನ್ನಡಕ ಹಾಕಿ ನೋಡಿದರು. ಆ ನಗು ಊಟದ ಮೇಜಿನ ಮೇಲೆಲ್ಲ ಹರಡಿತು. ಅವರು ಫೋನನ್ನು ಮಗುಚಿಟ್ಟರು.

“ಆ ಎಡಿಟರ್ ತೆಗೆದುಹಾಕಿದೀನಿ ಅಂದಿದ್ದ,” ಅಂದರು.

“ಅತ್ತೆ, ಬೇಕಂತ ಮಾಡ್ಲಿಲ್ಲ, ಅದು…”

ಎದ್ದು ಹೋದರು. ಲೋಟವನ್ನು ತಪ್ಪು ಜಾಗದಲ್ಲಿಟ್ಟು ಹೋದರು.

ಹತ್ತು ನಿಮಿಷಕ್ಕೆ ಗಂಡನ ಫೋನು. ಅಲ್ಲಿಗೂ ತಲುಪಿದೆ. “ಅಮ್ಮ ಈಜ್ತಾಳಾ? ನನಗೆ ವಾಕಿಂಗ್ ಅಂತ ಹೇಳಿದ್ಳಲ್ಲ!” ಅಂದ. ಆಮೇಲೆ, “ನಾನು ನೂರಕ್ಕೆ ನೂರು ತಗೊಂಡಾಗಲೂ ಅಮ್ಮನಿಗೆ ಈ ನಗು ಬರ್ಲಿಲ್ಲ ಕಣೇ,” ಅಂದ.

ಮಾರ್ಚ್ 9, ಭಾನುವಾರ

ಮಾತಿಲ್ಲ.

ಮಾರ್ಚ್ 10, ಸೋಮವಾರ

ಐದೂ ನಲವತ್ತಕ್ಕೆ ಎಚ್ಚರವಾಯಿತು. ಗೇಟಿನ ಸದ್ದಿಗಾಗಿ ಕಾದೆ. ಸದ್ದಾಗಲಿಲ್ಲ. ಆರು ಗಂಟೆಗೂ ಆಗಲಿಲ್ಲ. ಹಗ್ಗದ ಮೇಲೆ ಟವೆಲ್ ಒಣಗಿ ಕಟ್ಟಿಗೆಯಾಗಿದೆ. ನನ್ನ ಕೈಯಾರೆ ಒಬ್ಬರ ಬೆಳಗನ್ನು ಆರಿಸಿಬಿಟ್ಟೆ. ಬೇಜಾರಾಗಿದೆ, ತುಂಬಾ.

ಮಾರ್ಚ್ 12, ಬುಧವಾರ

ಮೌನ ಸಾಕಾಯಿತು. ಲ್ಯಾಪ್‌ಟಾಪನ್ನೇ ಅಡುಗೆಮನೆಗೆ ಎತ್ತಿಕೊಂಡು ಹೋದೆ. “ಅತ್ತೆ, ನೋಡಿ, ಇಲ್ಲೊಂದು ಗುಂಡಿ ಇದೆ. ಒತ್ತಿದ್ರೆ ನೀವು ಮಾಯ. ಈ ಸಲ ಶಬ್ದಾನೂ ತೆಗೀತೀನಿ. ನೀವೇ ಒತ್ತಿ,” ಅಂದೆ.

ಅವರು ಒತ್ತಲಿಲ್ಲ. ಕೊನೆಗೂ ಮಾತಾಡಿದರು. ಮಾತಾಡಿದ್ದು ಕಿಟಕಿಯ ಜೊತೆ.

“ಕೆಲಸಕ್ಕೆ ಸೇರಿದ ಮೊದಲನೇ ದಿನ ಹೆಡ್‌ಮಾಸ್ಟ್ರು ಹೇಳಿದ್ರು, ಮೇಡಂ, ಒಂದು ಸಲ ನಕ್ಕರೆ ಕ್ಲಾಸು ಕೈ ತಪ್ಪುತ್ತೆ ಅಂತ. ಮೂವತ್ತೆರಡು ವರ್ಷ ನಗಲಿಲ್ಲ. ಆಮೇಲೆ ನಗೋಣ ಅಂದ್ಕೊಂಡೆ, ಅಷ್ಟೊತ್ತಿಗೆ ಹಲ್ಲೆಲ್ಲ ಹೋಗಿತ್ತು. ಈ ಸೆಟ್ಟು ಹಾಕ್ಕೊಂಡು ನಕ್ಕರೆ ಸಡ್ಲ ಆಗುತ್ತೆ. ನೀರಿಗಿಳಿಯೋವಾಗ ಮಾತ್ರ ತೆಗೆದಿಡ್ತೀನಿ. ಅಲ್ಲಿ ಯಾರೂ ನನ್ನ ಮೇಡಂ ಅನ್ನಲ್ಲ.”

“ಮಗನಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬಿಪಿ, ಡಾಕ್ಟ್ರು, ಜಾರಿ ಬಿದ್ರೆ ಅಂತ ಪಟ್ಟಿ ಹಿಡ್ಕೊಂಡು ಬರ್ತಾನೆ. ನನ್ನ ಮಗ ತಾನೇ.”

ಅವರು ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. “ನಾಳೆ ತೆಗಿ. ಇವತ್ತು ಬೇಡ,” ಅಂದರು. ಟೀ ಮಾಡಿಕೊಟ್ಟೆ. ಲೋಟವನ್ನು ಸರಿಯಾದ ಜಾಗದಲ್ಲೇ ಇಟ್ಟೆ.

ಮಾರ್ಚ್ 14, ಶುಕ್ರವಾರ

ಅತ್ತೆಯ ಬಿಪಿ ಮಾತ್ರೆ ತರಲು ಇಬ್ಬರೂ ಔಷಧಿ ಅಂಗಡಿಗೆ ಹೋಗಿದ್ದೆವು. ಅಂಗಡಿಯವಳಿಗೆ ನಲವತ್ತೈದರ ಮೇಲಿರಬೇಕು. ಅತ್ತೆಯನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತಳು. ಹಳೆಯ ವಿದ್ಯಾರ್ಥಿನಿ, ಕೈ ತಾನಾಗಿಯೇ ಕಟ್ಟಿಕೊಂಡಿತು.

“ಮಿಸ್, ವಿಡಿಯೋ ನೋಡಿದೆ.”

ಅತ್ತೆ ತಕ್ಷಣ ಬಾಯಿಗೆ ಕೈ ಅಡ್ಡ ತಂದರು.

“ಮನೆಯಲ್ಲಿ ಎಲ್ಲರಿಗೂ ತೋರಿಸಿದೆ ಮಿಸ್. ನಮ್ಮಮ್ಮ ಎರಡು ವರ್ಷದಿಂದ ಮೊಣಕಾಲು ನೋವು ಅಂತ ಮಂಚ ಬಿಟ್ಟಿಲ್ಲ. ನಿಮ್ಮನ್ನ ನೋಡಿ, ಆ ಹೆಂಗಸಿಗೆ ಆಗೋದಾದ್ರೆ ನನಗ್ಯಾಕೆ ಆಗಲ್ಲ ಅಂತ ಎದ್ದು ಕೂತ್ರು. ಹೆಸರು ಬರೆಸಕ್ಕೆ ಹೋದ್ರೆ ಅಲ್ಲಿ ಕ್ಯೂ ಇದೆ! ಈ ವಾರ ಹತ್ತೊಂಬತ್ತು ಜನ ಹೊಸಬರಂತೆ.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಮಿಸ್, ನಾವು ಕ್ಲಾಸಲ್ಲಿ ಅಷ್ಟೊಂದು ತಮಾಷೆ ಮಾಡ್ತಿದ್ವಲ್ಲ, ನಿಮಗೆ ಒಂದು ಸಲಾನೂ ನಗು ಬರ್ಲಿಲ್ವಾ?”

“ಬರ್ತಿತ್ತು,” ಅಂದರು ಅತ್ತೆ. “ಬೋರ್ಡಿನ ಕಡೆ ತಿರುಗಿ ನಗ್ತಿದ್ದೆ.”

ದಾರಿಯುದ್ದಕ್ಕೂ ಅತ್ತೆ ಮಾತ್ರೆಯ ಚೀಟಿಯನ್ನು ನಾಲ್ಕು ಸಲ ಮಡಿಸಿದರು, ನಾಲ್ಕು ಸಲ ಬಿಡಿಸಿದರು.

ಮಾರ್ಚ್ 15, ಶನಿವಾರ

ಐದೂ ನಲವತ್ತು. ಗೇಟು ಕಿರ್ ಎಂದಿತು! ಹೊದಿಕೆಯೊಳಗೇ ಕುಣಿದೆ.

ಮಾರ್ಚ್ 16, ಭಾನುವಾರ

ಕೆಲಸ ಮಾಡುತ್ತಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

“ನನ್ನದು ಎಷ್ಟು ಹೊತ್ತು ಇದೆ ಅದರಲ್ಲಿ?”

“ಎಂಟು ಸೆಕೆಂಡು. ಈಗಲೇ ತೆಗೀತೀನಿ ಅತ್ತೆ.”

“ಎಂಟೇನಾ?” ಕನ್ನಡಕ ಸರಿಮಾಡಿಕೊಂಡರು. “ಕಡಿಮೆ ಆಯ್ತು. ಆ ಕೋಚಮ್ಮ ಡೈವ್ ಹೊಡೆಯೋದಕ್ಕೆ ಇಪ್ಪತ್ತು ಕೊಟ್ಟಿದೀಯಾ.”

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ಮೂಲ ಕ್ಲಿಪ್ ಹುಡುಕಿದೆ. ಹದಿನಾಲ್ಕು ಸೆಕೆಂಡು ಇತ್ತು. ‘ಮುಟ್ಟಬೇಡಿ’ಯೊಳಗೆ ಹೋಗಿ ಹಿಗ್ಗಿಸಿದೆ. ಒಳಗಿನದು ಹಿಗ್ಗಿದರೂ ಹೊರಗಿನ ಪೆಟ್ಟಿಗೆ ಹಿಗ್ಗುವುದಿಲ್ಲ, ಆದ್ದರಿಂದ ಒಂದೊಂದೇ ಪದರ ಹೊರಗೆ ಬಂದು ಎಲ್ಲವನ್ನೂ ಸಡಿಲಿಸಬೇಕಾಯಿತು. ಒಂದು ಪದರ ಮರೆತೆ.

“ಆವರಣ ಮುಚ್ಚಲಿಲ್ಲ ನೀನು,” ಅಂದರು ನಮ್ಮತ್ತೆ, ಬೆರಳು ತೋರಿಸಿ.

ಹೌದು, ಮುಚ್ಚಿರಲಿಲ್ಲ! ಈ ವಯಸ್ಸಿನಲ್ಲಿ ಇವರನ್ನು ಯಾವುದಾದರೂ ಸ್ಟುಡಿಯೋಗೆ ಸೇರಿಸಿದರೆ ನಮ್ಮಂಥವರೆಲ್ಲ ಬೀದಿಗೆ ಬೀಳುತ್ತೇವೆ. ಸೀಕ್ವೆನ್ಸಿನ ಹೆಸರನ್ನೂ ಅವರೇ ಬದಲಿಸಿದರು. ‘ಮುಟ್ಟಬಹುದು’ ಎಂದು ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಕೊನೆಗೆ ಒಂದು ಷರತ್ತು ಹಾಕಿದರು: ಸಭೆಯ ತೀರ್ಮಾನ ನಮ್ಮ ಪರವಾಗಿ ಆದರೆ ನಾನೂ ನೀರಿಗಿಳಿಯಬೇಕು. ನನಗೆ ತುಂಬಿದ ಬಕೆಟ್ ಕಂಡರೇ ಭಯ. ಆದರೂ ಹೂಂ ಅಂದುಬಿಟ್ಟೆ.

ಮಾರ್ಚ್ 21, ಶುಕ್ರವಾರ

ಗೆದ್ದೆವು! ಹದಿಮೂರು ಜನರಲ್ಲಿ ಒಂಬತ್ತು ಕೈ ನಮಗೆ ಎದ್ದವು.

ಪುರಸಭೆಯ ಸಭಾಂಗಣದಲ್ಲಿ ಮೊದಲು ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಿದ್ದರು. ಏಳು ನಿಮಿಷ ನಲವತ್ತೆರಡನೇ ಸೆಕೆಂಡು ಹತ್ತಿರ ಬಂದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆ ಪಕ್ಕದಲ್ಲಿ ನೆಟ್ಟಗೆ ಕೂತಿದ್ದರು. ಪರದೆ ತುಂಬ ಅವರ ನಗು ಬಂತು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಮುಂದಿನವರು, ಆಮೇಲೆ ಅಧ್ಯಕ್ಷರೇ. ಅಣಕದ ನಗುವಲ್ಲ, ಅಂಟಿಕೊಳ್ಳುವ ನಗು. ಹದಿನಾಲ್ಕು ಸೆಕೆಂಡು ಇಡೀ ಸಭಾಂಗಣ ನಕ್ಕಿತು.

ಚಿತ್ರ ಮುಗಿದ ಮೇಲೆ ಒಬ್ಬ ಸದಸ್ಯರು ಎದ್ದು, ಕೊಳದಲ್ಲಿ ಸಮಯದ ಅಭಾವವಿದೆ ಎಂದು ಶುರುಮಾಡಿದರು. ಅತ್ತೆ ಎದ್ದು ನಿಂತರು.

“ಕೊಳ ಬೆಳಗ್ಗೆ ಐದಕ್ಕೆ ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುತ್ತೆ. ಎಷ್ಟು ಗಂಟೆ ಆಯ್ತು?”

ಸದಸ್ಯರು ಬೆರಳು ಮಡಚಿದರು. “ಹದಿನೇಳು.”

“ಹದಿನೇಳರಲ್ಲಿ ನಾವು ಕೇಳ್ತಿರೋದು ಒಂದು. ಹದಿನೇಳರಿಂದ ಒಂದು ಕಳೆದ್ರೆ ಎಷ್ಟು?”

“ಹದಿನಾರು… ಮೇಡಂ.”

“ಕೂತ್ಕೊಳಿ.”

ಅವರು ಕೂತುಕೊಂಡರು. ನಾನು ನಮ್ಮತ್ತೆಯ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಹೆಮ್ಮೆಯಿಂದ ಎದೆ ಒಡೆದುಹೋಗುತ್ತದೇನೋ ಅನ್ನಿಸಿತು.

ಮಾರ್ಚ್ 25, ಮಂಗಳವಾರ

ಬೆಳಗ್ಗೆ ಐದೂ ನಲವತ್ತಕ್ಕೆ ಗೇಟಿನಿಂದ ಇಬ್ಬರೂ ಹೊರಬಿದ್ದೆವು. ಅರವತ್ತಾಗದ ನನಗೂ ಕೋಚಮ್ಮ ಒಪ್ಪಿಗೆ ಕೊಟ್ಟಿದ್ದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಾರೆ, ನನಗೆ ಇಳಿಯುವ ಮೊದಲೇ ಹಲ್ಲು ಕಟಕಟ ಎನ್ನುತ್ತಿತ್ತು. ಕೊಳದ ಅಂಚಿನಲ್ಲಿ ನಮ್ಮತ್ತೆ ಅತ್ತಿತ್ತ ನೋಡಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಹಲ್ಲು ತೆಗೆದು ನೀಲಿ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

“ನಿನ್ನ ಚೀಲದಲ್ಲಿ ಇಟ್ಕೋ. ನನ್ನ ಚೀಲದ ಜಿಪ್ಪು ಹೋಗಿದೆ.”

ಎರಡು ಟವೆಲ್ಲಿನ ನಡುವೆ ಜೋಪಾನವಾಗಿ ಇಟ್ಟೆ.

ನಡುವೆ ಪ್ಲಂಬರ್ ಫೋನ್ ಮಾಡಿದ್ದನಂತೆ, ಆಮೇಲೆ ನೋಡಿದೆ. ನೆಲ ನಿನ್ನೆಯೇ ಮುಗಿದಿದೆ, ಬೀಗದ ಕೈ ತಗೊಳ್ಳಿ ಎಂದು ಮೆಸೇಜ್. ಸಿಮೆಂಟು ಚೆನ್ನಾಗಿ ಒಣಗಲಿ, ಇನ್ನೊಂದು ವಾರ ಬಿಟ್ಟು ಬರುತ್ತೇನೆ ಎಂದು ಬರೆದೆ. ಹಸಿ ಸಿಮೆಂಟಿನ ವಾಸನೆ ನನಗಾಗದು.

ನೀರಿನಲ್ಲಿ ನಡೆದದ್ದು ಇಷ್ಟು. ಅತ್ತೆ ನನ್ನನ್ನು ಅಂಗಾತ ಮಲಗಿಸಿದರು. ಬೆನ್ನಿನ ಕೆಳಗೆ ಅವರ ಕೈ ಇತ್ತು. “ಬಿಡಬೇಡಿ, ಬಿಡಬೇಡಿ ಅತ್ತೆ,” ಅಂತ ಕಿರುಚುತ್ತಲೇ ಇದ್ದೆ. “ಬಿಡಲ್ಲ, ಮೇಲೆ ನೋಡು,” ಅಂದರು. ಮೇಲೆ ನೋಡಿದೆ. ಆಕಾಶ ತಿಳಿಯಾಗಿತ್ತು, ಕಿವಿಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ಕೈ ಯಾವಾಗ ತೆಗೆದರೋ ಗೊತ್ತಿಲ್ಲ. ದೂರದಿಂದ ಯಾರೋ ಎಣಿಸುತ್ತಿದ್ದರು. ಐದು, ಆರು, ಏಳು. ಕತ್ತು ತಿರುಗಿಸಿದೆ. ನಮ್ಮತ್ತೆ ಎರಡು ಮಾರು ಆಚೆ ನಿಂತು, ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದರು.

ನನಗೆ ನಗು ಉಕ್ಕಿತು, ಬಾಯಿಗೆ ನೀರು ನುಗ್ಗಿತು, ಗುಳುಂ ಎಂದು ಮುಳುಗಿದೆ. ಅವರು ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದರು. ಹಲ್ಲಿಲ್ಲದ ಬಾಯಿ ತುಂಬ ನಗು.

“ಎಂಟು ಶೆಕೆಂಡು,” ಅಂದರು. “ಕಡಿಮೆ ಆಯ್ತು. ಇನ್ನೊಂದ್ ಶಲ ಮಲಗು.”